ಎರಡು ಕಿಂಗ್‌ಸ್ನೇಕ್ ಬೇಕಾ? ಹಾಗಾದ್ರೆ ಟ್ಯಾಂಕೂ ಎರಡು ಬೇಕು

ಕಿಂಗ್‌ಸ್ನೇಕ್ ಸಾಕೋಕೆ ಶುರು ಮಾಡಿ ಒಂದಾರು ತಿಂಗಳು ಆಗೋ ಹೊತ್ತಿಗೆ ತುಂಬಾ ಜನಕ್ಕೆ ಬರೋ ಆಸೆ ಒಂದೇ, ಇದಕ್ಕೊಂದು ಜೊತೆ ತರೋಣ ಅಂತ. ಪಾಪ ಒಂಟಿಯಾಗಿದೆ, ಬೇಜಾರಾಗಿರತ್ತೆ, ಟ್ಯಾಂಕ್ ಹೇಗೂ ದೊಡ್ಡದೇ ಇದೆಯಲ್ಲ ಇನ್ನೊಂದನ್ನ ಅದರಲ್ಲೇ ಬಿಟ್ರಾಯ್ತು ಅಂತ ಲೆಕ್ಕ. ಎರಡನೇದು ತರೋ ಆಸೇಲಿ ಏನೂ ತಪ್ಪಿಲ್ಲ, ಚಂದದ ಹಾವು, ಒಂದು ಸಾಕಿದವ್ರಿಗೆ ಇನ್ನೊಂದು ಬೇಕು ಅನ್ಸೇ ಅನ್ಸತ್ತೆ. ತಪ್ಪಾಗೋದು ಅದೇ ಟ್ಯಾಂಕಲ್ಲಿ ಬಿಟ್ಟಾಗ.

ಉತ್ತರ ಮೊದಲೇ ಹೇಳ್ಬಿಡ್ತೀನಿ. ಕಿಂಗ್‌ಸ್ನೇಕನ್ನ ಜೋಡಿಯಾಗ್ಲಿ ಗುಂಪಾಗ್ಲಿ ಒಂದೇ ಟ್ಯಾಂಕಲ್ಲಿ ಸಾಕ್ಬೇಡಿ. ಗಂಡು ಹೆಣ್ಣು ಆದ್ರೂ ಅಷ್ಟೇ, ಒಂದೇ ತಾಯಿಯ ಮರಿಗಳಾದ್ರೂ ಅಷ್ಟೇ, ಒಂದೇ ಸೈಜ್ ಇದ್ರೂ ಅಷ್ಟೇ. ಬ್ರೀಡಿಂಗ್ ಟೈಮಲ್ಲಿ ಕೆಲವು ಗಂಟೆ ಮಾತ್ರ ಸೇರಿಸ್ತಾರೆ, ಅದೂ ಪಕ್ಕದಲ್ಲಿ ಕೂತು ಕಣ್ಣಿಟ್ಟು. ಹಾಗಾದ್ರೆ ಎರಡು ಮೂರು ಹಾವು ಇಟ್ಕೋಬೇಕು ಅಂದ್ರೆ ಹೇಗೆ, ಈಗಾಗ್ಲೇ ಒಟ್ಟಿಗೆ ಇದ್ರೆ ಏನ್ ಮಾಡ್ಬೇಕು, ಬ್ರೀಡ್ ಮಾಡೋದಾದ್ರೆ ಹೇಗೆ ಸೇರಿಸ್ಬೇಕು, ಎಲ್ಲಾ ಒಂದೊಂದಾಗಿ ಬರೀತೀನಿ. ನೀವು ಇದನ್ನ ಓದ್ತಿರೋ ಹೊತ್ತಲ್ಲೇ ಒಂದು ಹಾವು ಇನ್ನೊಂದನ್ನ ಹಿಡ್ಕೊಂಡಿದ್ರೆ ಮಧ್ಯದ್ದೆಲ್ಲ ಬಿಟ್ಟು ನೇರ ಕೊನೇ ಭಾಗಕ್ಕೆ ಹೋಗಿ.

ಮೊದಲು ಕಾರಣ ಗೊತ್ತಿರ್ಲಿ

ಕನ್ನಡದಲ್ಲಿ ಕಿಂಗ್‌ಸ್ನೇಕ್ ಅಂದ ತಕ್ಷಣ ಕೆಲವರು ಕಾಳಿಂಗ ಸರ್ಪ ಅಂದ್ಕೊತಾರೆ. ಅಲ್ಲ, ಅದು ಕಿಂಗ್ ಕೋಬ್ರಾ, ಬೇರೇನೇ ಜಾತಿ, ಘೋರ ವಿಷದ್ದು. ಕಿಂಗ್‌ಸ್ನೇಕ್ ಅಮೆರಿಕ ಖಂಡಗಳ ಹಾವು, ಲ್ಯಾಂಪ್ರೋಪೆಲ್ಟಿಸ್ ಅನ್ನೋ ಗುಂಪಿಗೆ ಸೇರಿದ್ದು, ನಮಗೆ ಅಪಾಯ ಮಾಡೋ ವಿಷ ಇಲ್ಲ, ಬೇಟೆನ ಸುತ್ತಿ ಅಮುಕಿ ಕೊಲ್ಲತ್ತೆ. ಆದ್ರೆ ಎರಡಕ್ಕೂ ಹೆಸರಲ್ಲಿ 'ಕಿಂಗ್' ಬಂದಿದ್ದು ಒಂದೇ ಕಾರಣಕ್ಕೆ, ಎರಡೂ ಬೇರೆ ಹಾವುಗಳನ್ನ ತಿನ್ನತ್ವೆ. ಕಿಂಗ್‌ಸ್ನೇಕ್ ತನ್ನ ಸೀಮೆಯ ರ‍್ಯಾಟಲ್‌ಸ್ನೇಕ್, ಕಾಪರ್‌ಹೆಡ್ ಥರದ ವಿಷದ ಹಾವುಗಳನ್ನೂ ಬಿಡಲ್ಲ, ಆ ವಿಷ ತಡ್ಕೊಳೋ ಶಕ್ತಿ ಅದರ ರಕ್ತದಲ್ಲೇ ಇದೆ. ಕಿಂಗ್‌ಸ್ನೇಕ್ ವಾಸನೆ ಬಂದ್ರೆ ರ‍್ಯಾಟಲ್‌ಸ್ನೇಕ್ ಕಚ್ಚೋಕೇ ಹೋಗಲ್ಲ, ತಲೆ ನೆಲಕ್ಕೆ ತಗ್ಗಿಸಿ ಮೈಯ ಮಧ್ಯಭಾಗನ ಕಮಾನಿನ ಥರ ಎತ್ತಿ ಅದರಿಂದ ತಳ್ಳೋಕೆ ನೋಡತ್ತೆ. ಅಷ್ಟು ದೊಡ್ಡ ವಿಷದ ಹಾವಿಗೇ ಈ ಭಯ.

ಇದಕ್ಕೆ ಹಾವು ಅಂದ್ರೆ ಊಟ. ಅದು ನಮ್ಮ ತಲೇಲಿ ಕೂತ್ಬಿಟ್ರೆ ಅರ್ಧ ಕೆಲಸ ಮುಗೀತು. ತನ್ನ ಜಾತಿದು, ಪಕ್ಕದಲ್ಲೇ ಒಂದು ವರ್ಷದಿಂದ ಮಲಗಿರೋದು, ಅನ್ನೋ ಲೆಕ್ಕ ಅದಕ್ಕಿಲ್ಲ. ವಾಸನೆ ಸರಿ ಅನ್ಸಿದ್ರೆ, ಹೊಟ್ಟೆ ಹಸಿದಿದ್ರೆ, ಎದುರಿಗಿರೋದು ಮಿಸುಕಾಡಿದ್ರೆ ಬಾಯಿ ಹಾಕತ್ತೆ. ಕಿಂಗ್‌ಸ್ನೇಕ್ ತನ್ನ ಬಾಲನೇ ಕಚ್ಚಿ ನುಂಗೋಕೆ ಶುರು ಮಾಡಿರೋದನ್ನ ಸಾಕೋರು ನೋಡಿದ್ದಾರೆ, ಹೆಚ್ಚಾಗಿ ಟ್ಯಾಂಕ್ ವಿಪರೀತ ಬಿಸಿ ಆದಾಗ ಅಥವಾ ತುಂಬಾ ಸ್ಟ್ರೆಸ್ ಆದಾಗ. ತನ್ನ ಬಾಲನೇ ಬಿಡದೆ ಇರೋದು ಪಕ್ಕದಲ್ಲಿರೋ ಹಾವಿನ ಬಾಲ ಬಿಡತ್ತಾ ಹೇಳಿ.

ಎರಡೂ ಒಂದೇ ಸೈಜ್, ಹೇಗೆ ನುಂಗತ್ತೆ ಅಂತ ಕೇಳ್ತಾರೆ. ನುಂಗತ್ತೆ. 2004ರಲ್ಲಿ ಪ್ರಕಟ ಆದ ಒಂದು ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್‌ಗಳು ತಮಗಿಂತ ಉದ್ದ ಇರೋ ಹಾವುಗಳನ್ನೇ ಪೂರ್ತಿ ನುಂಗಿದ್ವು, ಒಳಗೆ ಹೋದ ಹಾವಿನ ಬೆನ್ನುಮೂಳೆ ಅಲೆ ಅಲೆಯಾಗಿ ಮಡಚ್ಕೊಂಡು ಹೊಟ್ಟೇಲಿ ಹಿಡಿಯೋ ಹಾಗೆ ಕೂತಿತ್ತು. ಅಮುಕೋ ಶಕ್ತಿ ನೋಡಿದ್ರೂ ಹಾಗೇ, 2017ರ ಇನ್ನೊಂದು ಅಧ್ಯಯನದಲ್ಲಿ ಕಿಂಗ್‌ಸ್ನೇಕನ್ನ ರ‍್ಯಾಟ್‌ಸ್ನೇಕ್ ಅನ್ನೋ, ಬೇಟೆನ ಅಮುಕಿ ಕೊಲ್ಲೋ ಇನ್ನೊಂದು ಹಾವಿನ ಜೊತೆ ಹೋಲಿಸಿದಾಗ ಇಬ್ಬರ ಸ್ನಾಯು ಹೆಚ್ಚು ಕಮ್ಮಿ ಒಂದೇ ಗಾತ್ರ, ಆದ್ರೆ ಕಿಂಗ್‌ಸ್ನೇಕ್ ಹಾಕೋ ಒತ್ತಡ ಮಾತ್ರ ತುಂಬಾ ಜಾಸ್ತಿ, ಯಾಕಂದ್ರೆ ಅದು ಸ್ಪ್ರಿಂಗ್ ಥರ ನೀಟಾಗಿ ಸುತ್ತು ಮೇಲೆ ಸುತ್ತು ಹಾಕತ್ತೆ. ಹಾಗಾಗಿ ಸೈಜ್ ಒಂದೇ ಇದೆ ಅನ್ನೋದು ರಕ್ಷಣೆ ಅಲ್ಲ, ಎರಡರಲ್ಲಿ ಯಾರು ಮೊದಲು ಹಿಡೀತಾರೆ ಅನ್ನೋದಷ್ಟೇ ಪ್ರಶ್ನೆ.

'ನಮ್ಮ ಹತ್ರ ಎರಡು ವರ್ಷದಿಂದ ಒಟ್ಟಿಗಿವೆ, ಏನೂ ಆಗಿಲ್ಲ' ಅನ್ನೋರಿಗೆ

ಈ ಮಾತು ಸುಳ್ಳು ಅಂತ ನಾನು ಹೇಳಲ್ಲ. ಕೆಲವು ಬ್ರೀಡರ್‌ಗಳೂ ಜೋಡಿಗಳನ್ನ ತಿಂಗಳುಗಟ್ಟಲೆ ಒಟ್ಟಿಗೆ ಇಟ್ಟಿದ್ದು ಇದೆ. ಆದ್ರೆ ಒಟ್ಟಿಗಿಟ್ಟು ಒಂದನ್ನ ಕಳ್ಕೊಂಡವ್ರ ಕಥೆ ಕೇಳಿ, ಎಲ್ಲಾ ಹೀಗೇ ಶುರುವಾಗತ್ತೆ, ಇಷ್ಟು ದಿನ ಚೆನ್ನಾಗಿದ್ವು, ಬೆಳಿಗ್ಗೆ ಎದ್ದು ನೋಡಿದ್ರೆ ಟ್ಯಾಂಕಲ್ಲಿ ಒಂದೇ ಹಾವು, ಅದರ ಹೊಟ್ಟೆ ಊದಿತ್ತು ಅಂತ. ಇಲ್ಲಿ ಎಚ್ಚರಿಕೆ ಗಂಟೆ ಹೊಡೆಯಲ್ಲ. ನಾಯಿ ಆದ್ರೆ ಗುರ್ ಅನ್ನತ್ತೆ, ಬೆಕ್ಕು ಆದ್ರೆ ಕೂದಲು ನಿಮಿರಿಸತ್ತೆ, ಕಿಂಗ್‌ಸ್ನೇಕಿಗೆ ಸಿಟ್ಟೇ ಬಂದಿರಲ್ಲ, ಹಸಿವಾಗಿರತ್ತೆ ಅಷ್ಟೇ.

ಇನ್ನು ಎರಡೂ ಒಂದೇ ಹೈಡ್ (ಅಡಗಿ ಕೂರೋಕೆ ಇಡೋ ಗೂಡು) ಒಳಗೆ ಸುತ್ಕೊಂಡು ಮಲಗಿರೋ ಫೋಟೋ. ನೋಡೋಕೆ ಮುದ್ದಾಗಿರತ್ತೆ, ಪ್ರೀತಿಯಿಂದ ಅಪ್ಕೊಂಡಿದಾವೆ ಅನ್ಸತ್ತೆ. ನಿಜ ಏನಂದ್ರೆ ಟ್ಯಾಂಕಲ್ಲಿ ಸರಿಯಾದ ಬಿಸಿ ಇರೋ, ಕತ್ತಲೆ ಇರೋ, ಮೈ ಒತ್ತಿಕೊಳ್ಳೋ ಜಾಗ ಒಂದೇ ಇದೆ, ಎರಡಕ್ಕೂ ಅದೇ ಬೇಕು. ಒಂದರ ಮೇಲೊಂದು ಮಲಗೋದು ಜಾಗಕ್ಕೆ ನಡೀತಿರೋ ಪೈಪೋಟಿ. ಹಾವುಗಳಲ್ಲಿ ಸ್ನೇಹ ಅನ್ನೋದೇ ಇಲ್ಲ ಅಂತೇನಲ್ಲ, ಗಾರ್ಟರ್ ಹಾವುಗಳ ಮೇಲೆ 2020ರಲ್ಲಿ ಬಂದ ಅಧ್ಯಯನದಲ್ಲಿ ಅವು ಕೆಲವು ಜೊತೆಗಾರರನ್ನೇ ಹುಡುಕಿ ಹೋಗಿ ಅವರ ಜೊತೆ ಇರತ್ವೆ ಅಂತ ಕಂಡಿತ್ತು. ಆದ್ರೆ ಗಾರ್ಟರ್ ಹಾವು ಬೇರೆ, ಕಿಂಗ್‌ಸ್ನೇಕ್ ಬೇರೆ. ಒಂಟಿಯಾಗಿ ಬದುಕೋಕೆ ಹುಟ್ಟಿದ ಪ್ರಾಣಿಗೆ ಒಂಟಿತನ ಶಿಕ್ಷೆ ಅಲ್ಲ ರೀ.

ತಿನ್ನದೇ ಇದ್ರೂ ತೊಂದರೆ ಇದ್ದೇ ಇದೆ, ಅದು ಕಣ್ಣಿಗೆ ಬೀಳಲ್ಲ ಅಷ್ಟೇ. ಬಲ ಇರೋದು ಬಿಸಿ ಕಡೆ ಹಿಡ್ಕೊಳತ್ತೆ, ಇನ್ನೊಂದು ಸದಾ ತಣ್ಣಗಿರೋ ಮೂಲೇಲಿ, ಸರಿಯಾಗಿ ಜೀರ್ಣ ಆಗಲ್ಲ, ತಿಂದಿದ್ದು ಕಕ್ಕತ್ತೆ, ನಿಧಾನಕ್ಕೆ ತೂಕ ಇಳಿಯತ್ತೆ. ಟ್ಯಾಂಕಲ್ಲಿ ಕಕ್ಕಿರೋ ಇಲಿ ಬಿದ್ದಿದ್ರೆ ಯಾವುದು ಕಕ್ಕಿದ್ದು? ಮಲ ನೀರಾಗಿದ್ರೆ ಯಾವುದರದ್ದು? ಗೊತ್ತೇ ಆಗಲ್ಲ. ಎರಡು ಗಂಡಾಗಿದ್ರೆ ಬ್ರೀಡಿಂಗ್ ಸೀಸನ್‌ನಲ್ಲಿ ಕುಸ್ತಿಗೆ ಬೀಳತ್ವೆ. ಗಂಡು ಹೆಣ್ಣಾಗಿದ್ರೆ ಹೆಣ್ಣು ಇನ್ನೂ ಚಿಕ್ಕದಿರುವಾಗ್ಲೇ ಕೂಡಿಬಿಡತ್ವೆ, ಮೈ ಬೆಳೆಯದ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಾಕಿಕೊಂಡ್ರೆ ಜೀವಕ್ಕೇ ಅಪಾಯ. ಮರಿ ಕೊಡುವಾಗ ಎರಡೂ ಹೆಣ್ಣು ಅಂತ ಹೇಳಿರ್ತಾರೆ, ಚಿಕ್ಕ ಮರಿಗಳಲ್ಲಿ ಗಂಡು ಹೆಣ್ಣು ಹೊರಗಿಂದ ನೋಡಿ ಹೇಳೋಕಾಗಲ್ಲ, ಅನುಭವ ಇರೋರು ಪ್ರೋಬ್ ಮಾಡಿ (ಬಾಲದ ಬುಡದ ತೂತಲ್ಲಿ ಸಣ್ಣ ಕಡ್ಡಿ ಇಳಿಸಿ) ನೋಡಿದ್ರೆ ಮಾತ್ರ ಆ ಮಾತು ನಂಬಿ.

ಈ ಮಾತು ಕ್ಯಾಲಿಫೋರ್ನಿಯಾ, ಫ್ಲೋರಿಡಾ, ಮೆಕ್ಸಿಕನ್ ಬ್ಲ್ಯಾಕ್, ಸ್ಪೆಕಲ್ಡ್, ಗ್ರೇ ಬ್ಯಾಂಡೆಡ್ ಅನ್ನೋ ಎಲ್ಲಾ ಥರದ ಕಿಂಗ್‌ಸ್ನೇಕ್‌ಗೂ ಸೇರತ್ತೆ, ಮಿಲ್ಕ್ ಸ್ನೇಕೂ ಅದೇ ಕುಟುಂಬ. ಕಿಂಗ್‌ಸ್ನೇಕ್ ಜೊತೆ ಕಾರ್ನ್ ಸ್ನೇಕ್ ಅಥವಾ ಬಾಲ್ ಪೈಥಾನ್ ಇಡೋದಂತೂ ಯೋಚನೇನೇ ಮಾಡ್ಬೇಡಿ.

ಸ್ಟೆಪ್ 1: ಹಾವಿಗಿಂತ ಮೊದಲು ಟ್ಯಾಂಕ್ ಬರ್ಲಿ

ಎರಡನೇ ಹಾವು ತರೋ ಮೊದಲು ಅದರ ಟ್ಯಾಂಕ್ ರೆಡಿ ಆಗಿ, ಹೀಟಿಂಗ್ ಆನ್ ಆಗಿ, ಒಂದು ವಾರ ಟೆಂಪರೇಚರ್ ಸರಿಯಾಗಿ ನಿಂತಿರ್ಬೇಕು. 'ಸದ್ಯಕ್ಕೆ ಒಟ್ಟಿಗೆ ಇಟ್ಟಿರೋಣ ಮುಂದಿನ ತಿಂಗಳು ಟ್ಯಾಂಕ್ ತಗೊಳೋಣ' ಅನ್ನೋ ಸದ್ಯಕ್ಕೆ ಇದೆಯಲ್ಲ, ಅದರಲ್ಲೇ ಹೆಚ್ಚಿನ ಹಾವು ಹೋಗೋದು.

ಬೆಳೆದ ಹಾವು ಸಾಮಾನ್ಯವಾಗಿ ಮೂರರಿಂದ ನಾಲ್ಕು ಅಡಿ, ಕೆಲವು ಐದಡಿ ದಾಟತ್ವೆ. ಟ್ಯಾಂಕಿನ ಉದ್ದ ಕನಿಷ್ಠ ಹಾವು ಪೂರ್ತಿ ನೀಟಾಗಿ ಚಾಚ್ಕೊಳೋ ಅಷ್ಟಾದ್ರೂ ಇರ್ಲಿ, 120 ಸೆಂಟಿಮೀಟರ್ ಉದ್ದ 60 ಸೆಂಟಿಮೀಟರ್ ಅಗಲ ಇದ್ರೆ ನಾಲ್ಕಡಿ ತನಕ ಬೆಳೆದ ಒಂದು ಹಾವಿಗೆ ಒಳ್ಳೇದು. ಬಿಸಿ ಕಡೆ 29ರಿಂದ 31 ಡಿಗ್ರಿ ಸೆಲ್ಸಿಯಸ್, ತಣ್ಣನೆ ಕಡೆ 22ರಿಂದ 24. ಪ್ರತೀ ಟ್ಯಾಂಕಿಗೂ ಅದರದ್ದೇ ಥರ್ಮೋಸ್ಟ್ಯಾಟ್ ಹಾಕಿ, ಒಂದೇ ಥರ್ಮೋಸ್ಟ್ಯಾಟಲ್ಲಿ ಎರಡು ಟ್ಯಾಂಕಿನ ಹೀಟ್ ಮ್ಯಾಟ್ ಓಡಿಸಿದ್ರೆ ಸೆನ್ಸರ್ ಇಲ್ಲದ ಟ್ಯಾಂಕಲ್ಲಿ ಎಷ್ಟು ಬಿಸಿ ಏರ್ತಿದೆ ಅಂತ ಯಾರಿಗೂ ಗೊತ್ತಿರಲ್ಲ. ಬಿಸಿ ಕಡೆ ಒಂದು ಹೈಡ್, ತಣ್ಣನೆ ಕಡೆ ಒಂದು, ನೀರಿನ ಬೌಲ್, ಕೊರ‍್ಯೋಕೆ ಆಸ್ಪೆನ್ ಥರದ ಮರದ ಹೊಟ್ಟು.

ಒಂದೇ ಟ್ಯಾಂಕಿಗೆ ಮಧ್ಯ ತಡೆ ಹಾಕ್ಲಾ ಅಂತ ಕೇಳ್ತಾರೆ. ಗಾಜು ಅಥವಾ ಮರದ ಹಲಗೆನ ನಾಲ್ಕೂ ಕಡೆ ಸೀಲ್ ಮಾಡಿ, ಎರಡೂ ಭಾಗಕ್ಕೆ ಬೇರೆ ಬೇರೆ ಹೀಟಿಂಗ್, ಬೇರೆ ಮುಚ್ಚಳ ಕೊಟ್ರೆ ಅದು ಎರಡು ಟ್ಯಾಂಕೇ ಆಯ್ತು, ಜಾಗ ಸಾಕಾದ್ರೆ ಓಕೆ. ಜಾಲರಿ ಹಾಕೋದು, ಜಾರಿಸಿ ಸಿಕ್ಕಿಸೋ ಹಲಗೆ ಹಾಕೋದು ಬೇಡವೇ ಬೇಡ. ಕಿಂಗ್‌ಸ್ನೇಕ್ ತಪ್ಪಿಸ್ಕೊಳೋದ್ರಲ್ಲಿ ಎಕ್ಸ್‌ಪರ್ಟ್, ತಲೆ ಹೋಗೋ ಸಂದಿ ಸಿಕ್ರೆ ಮೈ ಪೂರ್ತಿ ಹೋಗತ್ತೆ. ಮುಚ್ಚಳಕ್ಕೆ ಲಾಕ್ ಇರ್ಲೇಬೇಕು, ಒಂದು ತಪ್ಪಿಸ್ಕೊಂಡು ಇನ್ನೊಂದರ ಟ್ಯಾಂಕಿಗೆ ನುಗ್ಗಿದ್ರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಸ್ಟೆಪ್ 2: ಹೊಸದನ್ನ 90 ದಿನ ಬೇರೆ ರೂಮಲ್ಲಿಡಿ

ಟ್ಯಾಂಕ್ ಬೇರೆ ಆಯ್ತಲ್ಲ ಇನ್ನೇನು ಅಂತ ಪಕ್ಕಪಕ್ಕ ಇಟ್ಬಿಡ್ಬೇಡಿ. ಹೊಸ ಹಾವು ನೋಡೋಕೆ ಎಷ್ಟೇ ಚೆನ್ನಾಗಿದ್ರೂ ಕ್ವಾರಂಟೈನ್ ಬೇಕು, ಸಾಧ್ಯ ಆದ್ರೆ ಬೇರೆ ರೂಮು. ಈ ಟೈಮಲ್ಲಿ ಹೊಟ್ಟು ಹಾಕ್ಬೇಡಿ, ಬಿಳಿ ಪೇಪರ್ ಟವಲ್ ಹಾಸಿ, ಅದರ ಮೇಲೆ ಉಣ್ಣೆ (ರಕ್ತ ಹೀರೋ ಸಣ್ಣ ಹುಳ, ಮೈಟ್) ಓಡಾಡಿದ್ರೂ ಕಾಣತ್ತೆ, ಮಲ ಹೇಗಿದೆ ಅನ್ನೋದೂ ಕಾಣತ್ತೆ. ಕಣ್ಣಿನ ಸುತ್ತ, ಗದ್ದದ ಕೆಳಗೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ ಇದ್ರೆ, ಹಾವು ಯಾವಾಗ್ಲೂ ನೀರಿನ ಬೌಲಲ್ಲೇ ಬಿದ್ದಿದ್ರೆ ಉಣ್ಣೆ ಇದೆ ಅಂತ ಅನುಮಾನ ಪಡಿ.

ಎಲ್ಲಕ್ಕಿಂತ ಭಯ ಪಡ್ಬೇಕಾದ್ದು ಕ್ರಿಪ್ಟೋ, ಅಂದ್ರೆ ಕ್ರಿಪ್ಟೋಸ್ಪೋರಿಡಿಯಂ ಅನ್ನೋ ಕಣ್ಣಿಗೆ ಕಾಣದ ಪರಾವಲಂಬಿ ಜೀವಿಯಿಂದ ಬರೋ ರೋಗ. ತಿಂದಿದ್ದು ಪದೇ ಪದೇ ಕಕ್ಕೋದು, ಹೊಟ್ಟೆ ಭಾಗ ಗಟ್ಟಿಯಾಗಿ ಊದೋದು, ಮೈ ಬಡಕಲಾಗೋದು ಇದರ ಲಕ್ಷಣ. ನಂಬೋ ಅಂಥ ಔಷಧಿ ಇಲ್ಲ, ಮಾಮೂಲಿ ಕ್ಲೀನಿಂಗ್ ಲಿಕ್ವಿಡ್ಡಿಗೂ ಜಗ್ಗಲ್ಲ, ಒಂದು ಹಾವಿಂದ ಇನ್ನೊಂದಕ್ಕೆ ನಿಮ್ಮ ಕೈ, ಇಕ್ಕಳ, ನೀರಿನ ಬೌಲ್ ಮೂಲಕ ಹೋಗತ್ತೆ. ಕೆಲವು ಹಾವು ತಿಂಗಳುಗಟ್ಟಲೆ ಲಕ್ಷಣಾನೇ ತೋರಿಸಲ್ಲ, ಅದಕ್ಕೇ ವೆಟ್ ಹತ್ರ ಟೆಸ್ಟ್ ಮಾಡಿಸೋದು ಒಳ್ಳೇದು. ಕೆಲಸದ ಕ್ರಮ ಯಾವತ್ತೂ ಹಳೇ ಹಾವು ಮೊದಲು, ಹೊಸದು ಕೊನೇಲಿ, ಆಮೇಲೆ ಸೋಪಲ್ಲಿ ಕೈ ತೊಳೀರಿ. ಇಕ್ಕಳ, ಹುಕ್, ಬೌಲ್ ಎರಡಕ್ಕೂ ಬೇರೆ ಬೇರೆ, ಟೇಪ್ ಸುತ್ತಿ ಗುರುತು ಮಾಡ್ಕೊಳಿ.

ಸ್ಟೆಪ್ 3: ಊಟದ ದಿನ

ಟ್ಯಾಂಕ್ ಬೇರೆ ಇದ್ರೂ ಊಟದ ದಿನ ಹುಷಾರು. ಇಲಿ ಕರಗಿಸಿ ಬಿಸಿ ಮಾಡಿದ ತಕ್ಷಣ ರೂಮೆಲ್ಲಾ ವಾಸನೆ, ಎಲ್ಲಾ ಹಾವೂ ಎದ್ದು ಗಾಜಿಗೆ ಮೂತಿ ಒತ್ತಿ ನಿಂತಿರತ್ವೆ. ಆ ಹೊತ್ತಲ್ಲಿ ಒಂದನ್ನ ಕೈಗೆ ತಗೊಂಡು ಕ್ಲೀನ್ ಮಾಡೋಣ ಅಂದ್ಕೊಂಡ್ರೆ ನಿಮ್ಮ ಬೆರಳನ್ನೇ ಹಿಡಿಯತ್ತೆ, ಹಿಡಿದ್ರೆ ಅಗೀತಾ ಇರತ್ತೆ, ಬೇಗ ಬಿಡಲ್ಲ. ಒಂದೊಂದೇ ಟ್ಯಾಂಕ್ ತೆಗೀರಿ, ಉದ್ದದ ಇಕ್ಕಳದಲ್ಲಿ ಕೊಡಿ, ಮುಚ್ಚಿ ಲಾಕ್ ಹಾಕಿ, ಆಮೇಲೆ ಮುಂದಿನದು. ಮರಿಗೆ 5ರಿಂದ 7 ದಿನಕ್ಕೊಮ್ಮೆ, ಬೆಳೆದಿದ್ದಕ್ಕೆ 10ರಿಂದ 14 ದಿನಕ್ಕೊಮ್ಮೆ, ಇಲಿಯ ದಪ್ಪ ಹಾವಿನ ಮೈಯ ಅತೀ ದಪ್ಪ ಭಾಗದಷ್ಟಿದ್ರೆ ಸಾಕು. ಎರಡು ಹಾವನ್ನ ಒಂದೇ ಸಲ ಹೊರಗೆ ತೆಗೆದು ಮೈಮೇಲೆ ಬಿಟ್ಕೊಂಡು ಫೋಟೋ ತೆಗೆಯೋದು ಊಟದ ದಿನ ಅಲ್ಲ, ಯಾವ ದಿನಾನೂ ಬೇಡ.

ಯಾವ ಹಾವು ಯಾವತ್ತು ತಿಂತು, ಯಾವತ್ತು ಪೊರೆ ಬಿಡ್ತು, ತೂಕ ಎಷ್ಟು ಅಂತ ಒಂದು ನೋಟ್‌ಬುಕ್ ಇಡಿ. ಬೇರೆ ಬೇರೆ ಇಡೋದರ ದೊಡ್ಡ ಲಾಭನೇ ಇದು, ಪ್ರತೀ ಹಾವಿನ ಆರೋಗ್ಯ ಕಣ್ಣೆದುರಿಗೆ ಇರತ್ತೆ.

ಸ್ಟೆಪ್ 4: ಈಗಾಗ್ಲೇ ಒಟ್ಟಿಗಿದ್ರೆ

ಇವತ್ತೇ ಬೇರೆ ಮಾಡಿ. ಟ್ಯಾಂಕ್ ಬರೋವರೆಗೂ ಕಾಯೋ ಅಗತ್ಯ ಇಲ್ಲ, ಮುಚ್ಚಳ ಕ್ಲಿಪ್ ಆಗೋ ದೊಡ್ಡ ಪ್ಲಾಸ್ಟಿಕ್ ಡಬ್ಬ ತಗೊಂಡು ಪಕ್ಕಗಳಲ್ಲಿ ಸಣ್ಣ ತೂತು ಮಾಡಿ, ಅರ್ಧ ಭಾಗದ ಕೆಳಗೆ ಥರ್ಮೋಸ್ಟ್ಯಾಟ್ ಇರೋ ಹೀಟ್ ಮ್ಯಾಟ್ ಇಟ್ಟು, ಒಂದು ರಟ್ಟಿನ ಡಬ್ಬ ಹೈಡ್ ಆಗಿ, ಒಂದು ಬೌಲ್ ನೀರು, ಕೆಲವು ವಾರ ಆರಾಮಾಗಿ ನಡೆಯತ್ತೆ. ತೆಗೆಯುವಾಗ ಊಟದ ವಾಸನೆ ಇಲ್ಲದ ದಿನ ನೋಡಿ, ಕೈ ತೊಳ್ಕೊಂಡು, ಚಿಕ್ಕದನ್ನ ಮೊದಲು ಹೊರಗೆ ತೆಗೀರಿ.

ಬೇರೆ ಮಾಡಿದ ದಿನವೇ ಎರಡನ್ನೂ ತೂಕ ಮಾಡಿ ಬರೆದಿಡಿ, ಯಾವುದು ಸೊರಗಿದೆ ಅಂತ ಆಗ್ಲೇ ಗೊತ್ತಾಗತ್ತೆ. ಹೆಣ್ಣು ಇದ್ರೆ ಇನ್ನೊಂದು ವಿಷಯ, ಹಾವುಗಳು ಗಂಡಿನ ವೀರ್ಯನ ಒಳಗೇ ಉಳಿಸ್ಕೊಳತ್ವೆ, ಹಾಗಾಗಿ ಬೇರೆ ಮಾಡಿ ತಿಂಗಳುಗಳಾದ ಮೇಲೂ ಮೊಟ್ಟೆ ಇಡಬಹುದು. ಆ ಸೀಸನ್ ಪೂರ್ತಿ ಅದರ ಟ್ಯಾಂಕಲ್ಲಿ ಮೊಟ್ಟೆ ಇಡೋಕೆ ಅಂತ ಒದ್ದೆ ಪಾಚಿ ತುಂಬಿದ ಒಂದು ಡಬ್ಬ ಇಟ್ಟಿರಿ.

ಬೇರೆ ಆದ್ಮೇಲೆ ಬೇಜಾರಾಗತ್ತಾ, ಜೊತೆಗಾರನ್ನ ಹುಡುಕತ್ತಾ ಅಂತ ಕೇಳ್ತಾರೆ. ಮೊದಲ ಒಂದೆರಡು ದಿನ ಓಡಾಡಬಹುದು, ಅದು ಹೊಸ ಜಾಗ ಅಂತ. ಸೊರಗಿದ್ದ ಹಾವು ಬೇರೆ ಮಾಡಿದ ಮೇಲೆ ಬಿಸಿ ಜಾಗ ಪೂರ್ತಿ ಅದಕ್ಕೇ ಸಿಕ್ಕಿ ನೆಮ್ಮದಿಯಾಗಿ ತಿನ್ನೋಕೆ ಶುರು ಮಾಡೋದನ್ನ ನೋಡಿದ್ರೆ ನಿಮ್ಮ ಅನುಮಾನ ಹೋಗತ್ತೆ.

ಎರಡನ್ನೂ ಇಟ್ಕೊಳೋಕೆ ಆಗಲ್ಲ ಅಂದ್ರೆ ಚೆನ್ನಾಗಿ ನೋಡ್ಕೊಳೋರಿಗೆ ಕೊಡಿ, ಹೊರಗೆ ಮಾತ್ರ ಬಿಡ್ಬೇಡಿ. ಸ್ಪೇನ್‌ಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಸಾಕಿದ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್‌ಗಳು ಹೊರಗೆ ಸೇರ್ಕೊಂಡು 1990ರ ದಶಕದ ಕೊನೆಯಿಂದ ಹರಡ್ತಾ ಬಂದಿವೆ, ಆ ದ್ವೀಪ ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲದ ದೊಡ್ಡ ಹಲ್ಲಿ ಈ ಹಾವು ಹೊಕ್ಕ ಕಡೆಯೆಲ್ಲಾ ಹೆಚ್ಚು ಕಮ್ಮಿ ಕಾಣೆಯಾಗಿದೆ. ಅಲ್ಲಿನ ಹಲ್ಲಿಗಳಿಗೆ ಇಂಥ ಹಾವು ಅಂದ್ರೆ ಏನು ಅಂತಾನೇ ಗೊತ್ತಿರ್ಲಿಲ್ಲ.

ಸ್ಟೆಪ್ 5: ಬ್ರೀಡಿಂಗಿಗೆ ಸೇರಿಸೋದು

ಇದೊಂದೇ ಸಂದರ್ಭ ಎರಡು ಕಿಂಗ್‌ಸ್ನೇಕ್ ಒಂದೇ ಕಡೆ ಇರೋದಕ್ಕೆ ಕಾರಣ ಇರೋದು. ಹುಟ್ಟೋ ಮರಿಗಳಿಗೆಲ್ಲ ಮನೆ ಸಿಗತ್ತೆ ಅನ್ನೋ ಗ್ಯಾರಂಟಿ ಇಲ್ಲದಿದ್ರೆ ದಯವಿಟ್ಟು ಮಾಡ್ಬೇಡಿ, ಸರಿಯಾಗಿ ಸಾಕಿದ್ರೆ ಈ ಹಾವು 20 ವರ್ಷ ಬದುಕತ್ತೆ.

ಹೆಣ್ಣಿಗೆ ಮೂರು ವರ್ಷ ಆಗಿರ್ಲಿ, ಮೈ ಕೈ ತುಂಬ್ಕೊಂಡಿರ್ಲಿ. ಚಳಿಗಾಲದ ತಣ್ಣನೆ ವಿಶ್ರಾಂತಿ, ಬ್ರುಮೇಷನ್ ಅಂತಾರಲ್ಲ, ಅದಾದ್ಮೇಲೆ ಚೆನ್ನಾಗಿ ಕೂಡತ್ವೆ. ಊಟ ನಿಲ್ಸಿ ಎರಡು ವಾರ ಬಿಸಿ ಹಾಗೇ ಇಟ್ಟು ಹೊಟ್ಟೆ ಖಾಲಿ ಆಗೋಕೆ ಬಿಡ್ಬೇಕು, ಆಮೇಲೆ ನಿಧಾನಕ್ಕೆ ಇಳಿಸ್ತಾ 10ರಿಂದ 13 ಡಿಗ್ರಿಯಲ್ಲಿ ಎರಡು ಮೂರು ತಿಂಗಳು, ನೀರು ಮಾತ್ರ ಯಾವಾಗ್ಲೂ ಇರ್ಬೇಕು. ತಣ್ಣಗಿದ್ರೆ ತಿನ್ನಲ್ಲ ಬಿಡಿ ಅಂತ ಎರಡನ್ನೂ ಒಂದೇ ಡಬ್ಬದಲ್ಲಿ ಮಲಗಿಸ್ಬೇಡಿ. ಮತ್ತೆ ಬಿಸಿಗೆ ತಂದ್ಮೇಲೆ ಚೆನ್ನಾಗಿ ಊಟ ಕೊಡಿ, ಹೆಣ್ಣು ಮೊದಲ ಪೊರೆ ಬಿಟ್ಟ ಮೇಲೆ ಸೇರಿಸೋ ಟೈಮು.

ಸೇರಿಸೋಕೆ ಮೂರು ನಾಲ್ಕು ದಿನ ಮುಂಚೆ ಎರಡಕ್ಕೂ ಊಟ ಆಗಿರ್ಬೇಕು. ಹಸಿದ ಕಿಂಗ್‌ಸ್ನೇಕನ್ನ ಇನ್ನೊಂದರ ಹತ್ರ ಬಿಡೋದು ಅಂದ್ರೆ ಏನು ಅಂತ ಮತ್ತೆ ಹೇಳ್ಬೇಕಿಲ್ಲ. ಹೆಣ್ಣನ್ನ ಗಂಡಿನ ಟ್ಯಾಂಕಿಗೆ ಬಿಡಿ, ಹೈಡ್‌ಗಳನ್ನ ಮೊದಲೇ ಹೊರಗೆ ತೆಗೆದಿಡಿ, ಯಾಕಂದ್ರೆ ಒಳಗೆ ಹೋಗಿ ಸೇರ್ಕೊಂಡ್ರೆ ಏನಾಗ್ತಿದೆ ಕಾಣಲ್ಲ. ಕೈಯಲ್ಲಿ ಹುಕ್, ಪಕ್ಕದಲ್ಲಿ ಒಂದು ಬಕೆಟ್ ತಣ್ಣೀರು, ಸ್ಯಾನಿಟೈಸರ್ ಬಾಟಲ್ ಇರ್ಲಿ. ಫೋನ್ ಸೈಲೆಂಟ್ ಮಾಡಿ ಕೂತ್ಕೊಳಿ.

ಇಲ್ಲಿ ಹೊಸಬರು ಗಲಿಬಿಲಿ ಆಗೋ ಒಂದು ವಿಷಯ ಇದೆ. ಕೂಡುವಾಗ ಗಂಡು ಹೆಣ್ಣಿನ ಕುತ್ತಿಗೆ ಕಚ್ಚಿ ಹಿಡ್ಕೊಳತ್ತೆ, ಅದು ಸಹಜ. ಹಾಗಾದ್ರೆ ತಿನ್ನೋಕೆ ಹಿಡಿದಿದ್ದು ಯಾವುದು, ಕೂಡೋಕೆ ಹಿಡಿದಿದ್ದು ಯಾವುದು ಅಂತ ಹೇಗೆ ಗೊತ್ತಾಗತ್ತೆ? ಕೂಡೋ ಗಂಡು ಮೊದಲು ನಾಲಿಗೆ ಆಡಿಸ್ತಾ ಹೆಣ್ಣಿನ ಬೆನ್ನ ಮೇಲೆ ಉದ್ದಕ್ಕೂ ಹರಿಯತ್ತೆ, ಮೈ ಝಟ್ ಝಟ್ ಅಂತ ಅದುರತ್ತೆ, ಬಾಲಗಳು ಹೆಣ್ಕೊಳತ್ವೆ, ಮೈ ಹೆಣ್ಣಿನ ಪಕ್ಕಕ್ಕೆ ಚಾಚಿರತ್ತೆ. ತಿನ್ನೋಕೆ ಹಿಡಿಯೋದು ಹಾಗಲ್ಲ, ಸ್ವಲ್ಪ ಹೊತ್ತು ಅಲುಗಾಡದೆ ದಿಟ್ಟಿಸತ್ತೆ, ಕುತ್ತಿಗೆ ಎಸ್ ಆಕಾರಕ್ಕೆ ಹಿಂದೆ ಎಳ್ಕೊಳತ್ತೆ, ಫಟ್ ಅಂತ ಹೊಡೆಯತ್ತೆ, ಕಚ್ಚಿದ ಕ್ಷಣದಲ್ಲೇ ಮೈಯೆಲ್ಲ ಉರುಳಿಸಿ ಸುತ್ತು ಹಾಕತ್ತೆ. ಸುತ್ತು ಬಿತ್ತು ಅಂದ್ರೆ ಕಾಯ್ಬೇಡಿ.

ಕೂಡೋದು ಕೆಲವು ನಿಮಿಷದಿಂದ ಕೆಲವು ಗಂಟೆ ತನಕ ಆಗಬಹುದು. ಮುಗಿದು ತಾವಾಗಿ ಬಿಟ್ಕೊಂಡ ಮೇಲೆ ಅವತ್ತೇ ಬೇರೆ ಮಾಡಿ, ರಾತ್ರಿ ಒಟ್ಟಿಗೆ ಬಿಡ್ಬೇಡಿ. ಮೂರು ನಾಲ್ಕು ದಿನ ಬಿಟ್ಟು ಮತ್ತೆ ಸೇರಿಸಬಹುದು, ಹೆಣ್ಣು ಓಡಿ ಹೋಗೋಕೆ ನೋಡಿದ್ರೆ, ಬಾಲ ಬಡಿದ್ರೆ ಬಲವಂತ ಬೇಡ.

ಕೂಡಿದ ಮೇಲೆ ಸುಮಾರು 40ರಿಂದ 60 ದಿನಕ್ಕೆ ಮೊಟ್ಟೆ, ಅದಕ್ಕೂ ಒಂದೆರಡು ವಾರ ಮುಂಚೆ ಒಂದು ಪೊರೆ ಬಿಡತ್ತೆ. ಸಾಮಾನ್ಯವಾಗಿ 5ರಿಂದ 12 ಮೊಟ್ಟೆ. ಮೊಟ್ಟೆನ ಹೊರಳಿಸದೆ ಇಟ್ಟ ಹಾಗೇ ಎತ್ತಿ ಒದ್ದೆ ವರ್ಮಿಕ್ಯುಲೈಟಲ್ಲಿ (ತೇವ ಹಿಡಿದಿಡೋ ಹಗುರ ಖನಿಜದ ಪುಡಿ) 27ರಿಂದ 29 ಡಿಗ್ರಿಯಲ್ಲಿಟ್ರೆ 55ರಿಂದ 70 ದಿನಕ್ಕೆ ಮರಿ ಬರತ್ವೆ.

ಸ್ಟೆಪ್ 6: ಮರಿಗಳು

ಮರಿ ಮೊಟ್ಟೆ ಸೀಳಿ ತಲೆ ಹೊರಗೆ ಹಾಕಿ ಒಂದು ದಿನ ಹಾಗೇ ಕೂತಿರತ್ತೆ, ಎಳೀಬೇಡಿ. ಪೂರ್ತಿ ಹೊರಗೆ ಬಂದಿದ್ದೇ ತಡ ಒಂದೊಂದನ್ನ ಒಂದೊಂದು ಚಿಕ್ಕ ಡಬ್ಬಕ್ಕೆ ಹಾಕಿ. ಇನ್ನೂ ಗೇಣುದ್ದ ಇವೆ ಏನ್ ಮಾಡತ್ವೆ ಅಂತ ಅನ್ಕೋಬೇಡಿ, ಕಾಡಲ್ಲಿ ಈ ಮರಿಗಳ ಮೊದಲ ಊಟನೇ ಸಣ್ಣ ಹಲ್ಲಿ, ಸಣ್ಣ ಹಾವು. ಗೂಡಲ್ಲಿ ಒಟ್ಟಿಗೆ ಹುಟ್ಟಿದ್ದು ಅನ್ನೋದು ಅವಕ್ಕೆ ಲೆಕ್ಕಕ್ಕಿಲ್ಲ, ಪಕ್ಕದ್ದನ್ನ ನುಂಗಿಬಿಡತ್ವೆ. ಹುಟ್ಟಿ ಒಂದು ವಾರ ಹತ್ತು ದಿನಕ್ಕೆ ಮೊದಲ ಪೊರೆ ಬಿಡತ್ವೆ, ಆಮೇಲೆ ಆಗಷ್ಟೇ ಹುಟ್ಟಿದ ಇಲಿ ಮರಿ ಕೊಟ್ಟು ನೋಡಿ. ಒಂದೆರಡು ಮರಿ ತಕ್ಷಣ ತಿನ್ನದೆ ಹಠ ಮಾಡಿದ್ರೆ ಗಾಬರಿ ಬೇಡ, ಐದಾರು ದಿನ ಬಿಟ್ಟು ಮತ್ತೆ ಕೊಡಿ. ಮಾರೋವರೆಗೆ ಒಂದೇ ಡಬ್ಬದಲ್ಲಿ ಇಟ್ಟಿರೋ ಮರಿಗಳನ್ನ ನೀವು ತಗೊಳೋಕೆ ಹೋದಾಗ ನೋಡಿದ್ರೆ, ಆ ಜಾಗದಿಂದ ತಗೋಬೇಡಿ ಅಂತಾನೇ ನಾನು ಹೇಳೋದು.

ಒಂದು ಇನ್ನೊಂದನ್ನ ಹಿಡಿದುಬಿಟ್ಟಿದ್ರೆ

ಎಳೀಬೇಡಿ. ಹಾವಿನ ಹಲ್ಲು ಹಿಂದಕ್ಕೆ ಬಾಗಿರತ್ವೆ, ಎಳೆದಷ್ಟೂ ಒಳಗೆ ನಾಟ್ಕೊಂಡು ಸಿಕ್ಕಿಬಿದ್ದಿದ್ದರ ಚರ್ಮ ಹರಿಯತ್ತೆ, ಹಿಡಿದಿದ್ದರ ಬಾಯೂ ಹಾಳಾಗತ್ತೆ. ಮನೇಲಿ ಇನ್ನೊಬ್ರಿದ್ರೆ ಕರೀರಿ, ನಾಲ್ಕು ಕೈ ಬೇಕು. ಎರಡನ್ನೂ ಒಟ್ಟಿಗೇ ಎತ್ತಿ ಸಿಂಕಿಗೆ ತನ್ನಿ, ಕಚ್ಚಿ ಹಿಡಿದಿರೋ ಹಾವಿನ ತಲೆ ಬಾಯಿ ಮೇಲೆ ತಣ್ಣೀರು ಜೋರಾಗಿ ಬಿಡಿ. ಬಿಡಲಿಲ್ಲ ಅಂದ್ರೆ ಹತ್ತಿಯಲ್ಲಿ ಆಲ್ಕೋಹಾಲ್ ಇರೋ ಸ್ಯಾನಿಟೈಸರ್ ಅಥವಾ ಮೌತ್‌ವಾಶ್ ತಗೊಂಡು ಅದರ ಬಾಯಿ ಅಂಚಿಗೆ ತಾಗಿಸಿ, ರುಚಿ ತಡೀಲಾರದೆ ಬಾಯಿ ತೆಗೆಯತ್ತೆ, ಕಣ್ಣಿಗೆ ಮಾತ್ರ ಬೀಳದ ಹಾಗೆ ನೋಡ್ಕೊಳಿ. ಇನ್ನೊಬ್ರು ಅದೇ ಹೊತ್ತಿಗೆ ಸುತ್ತು ಬಿಚ್ಚೋಕೆ ಶುರು ಮಾಡ್ಲಿ, ಬಾಲದ ತುದಿಯಿಂದ, ಒಂದೊಂದೇ ಸುತ್ತು. ತಲೆ ಕಡೆಯಿಂದ ಬಿಚ್ಚೋಕೆ ಹೋದ್ರೆ ಇನ್ನೂ ಬಿಗಿ ಮಾಡತ್ತೆ. ಸುತ್ತಿ ಅಮುಕಿದಾಗ ರಕ್ತ ಓಡೋದೇ ನಿಲ್ಲತ್ತೆ, ಹಾಗಾಗಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ತಲೆ ಸ್ವಲ್ಪ ನುಂಗಿದ್ರೂ ಇದೇ ಕ್ರಮ, ತೊಂದರೆ ಆದಾಗ ಹಾವು ನುಂಗಿದ್ದನ್ನ ವಾಪಸ್ ಕಕ್ಕತ್ತೆ. ಪೂರ್ತಿ ನುಂಗಿ ಆಗಿದ್ರೆ ಹೊಟ್ಟೆ ಒತ್ತಿ ತೆಗೆಯೋಕೆ ಹೋಗ್ಬೇಡಿ, ಒಳಗಿರೋದು ಉಳಿಯಲ್ಲ, ನುಂಗಿರೋದೂ ಸಾಯಬಹುದು. ಬಿಸಿ ಕಡೆ ಸರಿಯಾಗಿರೋ ಟ್ಯಾಂಕಲ್ಲಿ ಮುಟ್ಟದೆ ಬಿಡಿ, ಒಂದೆರಡು ದಿನದಲ್ಲಿ ಕಕ್ಕಬಹುದು, ಕಕ್ಕದಿದ್ರೆ ಕೆಲವು ವಾರ ಊಟ ಬೇಡ.

ಬಿಡಿಸಿದ ಮೇಲೆ ಎರಡನ್ನೂ ಬೇರೆ ಬೇರೆ ಡಬ್ಬಕ್ಕೆ ಹಾಕಿ ರೆಪ್ಟೈಲ್ ನೋಡೋ ವೆಟ್‌ಗೆ ಫೋನ್ ಮಾಡಿ. ಸಿಕ್ಕಿಹಾಕಿಕೊಂಡಿದ್ದ ಹಾವು ಸತ್ತ ಹಾಗೆ ಜೋತು ಬಿದ್ದಿದ್ರೂ ತಕ್ಷಣ ಮಣ್ಣು ಮಾಡ್ಬೇಡಿ, ವೆಟ್ ಎದೆಬಡಿತ ನೋಡ್ಲಿ. ಕಚ್ಚಿದ ಗಾಯನ ತೆಳು ಟೀ ಬಣ್ಣ ಬರೋ ಹಾಗೆ ನೀರಲ್ಲಿ ಬೆರೆಸಿದ ಪೊವಿಡೋನ್ ಅಯೋಡಿನ್‌ನಿಂದ ತೊಳೀರಿ, ಗಾಯ ಒಣಗೋವರೆಗೂ ಹೊಟ್ಟು ತೆಗೆದು ಪೇಪರ್ ಟವಲ್ ಹಾಸಿ. ಕಚ್ಚಿದ ಹಾವಿನ ಬಾಯಿನೂ ನೋಡ್ತಾ ಇರಿ, ಹಲ್ಲು ಮುರಿದಿದ್ರೆ ಒಂದೆರಡು ವಾರದಲ್ಲಿ ವಸಡು ಕೆಂಪಾಗಿ ಮೊಸರಿನ ಗಟ್ಟಿ ಥರದ ಕೀವು ಕಾಣಿಸ್ಕೊಳತ್ತೆ, ಕಂಡ್ರೆ ಆವತ್ತೇ ವೆಟ್ ಹತ್ರ ಹೋಗಿ, ಬಾಯಿ ಹುಣ್ಣು ಎಲುಬಿಗೆ ಇಳಿದ್ರೆ ವಾಸಿ ಮಾಡೋದು ಕಷ್ಟ. ಎರಡಕ್ಕೂ ಎರಡು ವಾರ ಊಟ ಬೇಡ, ನೀರು ಬಿಸಿ ಕತ್ತಲೆ ಇಷ್ಟು ಕೊಟ್ಟು ಬಿಟ್ಬಿಡಿ. ಆಮೇಲೆ ಮೊದಲ ಸಲ ಊಟ ಕೊಡುವಾಗ ಮಾಮೂಲಿಗಿಂತ ಚಿಕ್ಕ ಇಲಿ ಕೊಡಿ.